ಹನ್ನೊಂದು ಅಂದರೆ ಯಾವ ಹನ್ನೊಂದು?

ನ್ಯೂರೋ ಐಸಿಯುಗೆ ನರ್ಸ್ ಆಗಿ ಸೇರಿದ ಹೊಸತು. ರಾತ್ರಿ ಪಾಳಿಯ ಹ್ಯಾಂಡ್‌ಓವರ್‌ನಲ್ಲಿ ನನಗೆ ಸಿಕ್ಕಿದ್ದು ಒಂದೇ ಸಾಲು: "ಎಡಗಡೆ ಎಸ್‌ಡಿಎಚ್, ಆಪರೇಷನ್ ಆಗಿದೆ, ಜಿಸಿಎಸ್ 11." ಎಸ್‌ಡಿಎಚ್ ಅಂದರೆ ಮಿದುಳನ್ನು ಸುತ್ತಿರುವ ಡ್ಯೂರಾ ಪೊರೆಯ ಕೆಳಗೆ ರಕ್ತ ಕಟ್ಟಿಕೊಳ್ಳುವುದು. ಜಿಸಿಎಸ್ ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್, ಕಣ್ಣು, ಮಾತು, ಚಲನೆಗೆ ಬೇರೆಬೇರೆ ಅಂಕ ಕೊಟ್ಟು ಕೂಡಿ, ರೋಗಿಗೆ ಎಷ್ಟು ಎಚ್ಚರವಿದೆ ಅಂತ ಹದಿನೈದಕ್ಕೆ ಅಳೆಯುವುದು. ರೋಗಿ ವಯಸ್ಸಾದವರು. ಎರಡು ಗಂಟೆ ಬಿಟ್ಟು ನಾನು ನೋಡಿದಾಗ ಕಣ್ಣು ತಾವಾಗೇ ತೆರೆದಿದ್ದರು. ಸಮಾಧಾನವಾಯಿತು. ಕೂಡಿ ನೋಡಿದೆ, 11. 'ಬದಲಾವಣೆ ಇಲ್ಲ' ಅಂತ ಬರೆದು ಪಕ್ಕದ ಬೆಡ್‌ಗೆ ಹೋದೆ.

ಪಾಳಿಯ ಹಿರಿಯ ಸಿಸ್ಟರ್ ಚಾರ್ಟ್ ಹಿಡಿದು ಬಂದರು. "ಈ ಹನ್ನೊಂದು ಹೇಗೆ ಬಂತಮ್ಮ?"

ಬಿಡಿಸಿ ಹೇಳಿದೆ: ಕಣ್ಣಿಗೆ 4, ಮಾತಿಗೆ 2, ಕೈಕಾಲಿನ ಚಲನೆಗೆ 5. ಅವರು ಮೇಲಿನ ಸಾಲಿನ ಮೇಲೆ ಬೆರಳಿಟ್ಟರು: 3, 2, 6. ಸಂಜೆ ಕರೆದರೆ ಮಾತ್ರ ಕಣ್ಣು ತೆರೆಯುತ್ತಿದ್ದರು, ಆದರೆ ಹೇಳಿದಂತೆ ಕೈ ಎತ್ತುತ್ತಿದ್ದರು. ಈಗ ಕಣ್ಣು ಬಿಟ್ಟಿದ್ದರೂ ಹೇಳಿದ್ದು ಕೇಳುತ್ತಿಲ್ಲ. ನೋವು ಕೊಟ್ಟರೆ ಆ ಜಾಗಕ್ಕೆ ಕೈ ತರುತ್ತಾರೆ, ಅಷ್ಟೇ. ಮೂರರಲ್ಲಿ ನಾವು ಅತಿ ಹೆಚ್ಚು ನೆಚ್ಚುವುದು ಚಲನೆಯ ಅಂಕ. ಅದೇ ಇಳಿದಿತ್ತು. ಕಣ್ಣಿನ ಅಂಕ ಏರಿ ಅದನ್ನು ಮುಚ್ಚಿಹಾಕಿತ್ತು. ಡಾಕ್ಟರನ್ನು ಕರೆದೆವು, ಸಿಟಿ ಮಾಡಿಸಿದೆವು. ಮತ್ತೆ ರಕ್ತ ಸೇರಿತ್ತು. ಅದೇ ರಾತ್ರಿ ಎರಡನೇ ಸಲ ಥಿಯೇಟರಿಗೆ ಕರೆದೊಯ್ದರು. ಸಿಸ್ಟರ್ ಆ ಕಡೆ ಬರದೇ ಇದ್ದಿದ್ದರೆ ಮುಂದಿನ ಪರೀಕ್ಷೆಯವರೆಗೂ ನನಗೆ ಗೊತ್ತಾಗುತ್ತಿರಲಿಲ್ಲ.

1974ರಲ್ಲಿ ಗ್ಲಾಸ್ಗೋದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಈ ಅಳತೆಯನ್ನು ಪ್ರಕಟಿಸಿದಾಗ ನೋಡಿದ್ದು ಇದೇ ಮೂರನ್ನು, ಕಣ್ಣು, ಮಾತು, ಚಲನೆ. ಈಗ ನಾನು ಹ್ಯಾಂಡ್‌ಓವರ್‌ನಲ್ಲಿ 'ಇ4, ವಿ2, ಎಂ5' ಅಂತಲೇ ಹೇಳುತ್ತೇನೆ. ಗಂಟಲಲ್ಲಿ ಟ್ಯೂಬ್ ಇದ್ದರೆ ಮಾತಿಗೆ 1 ಹಾಕುವುದಿಲ್ಲ, 'ಟಿ' ಬರೆಯುತ್ತೇನೆ. ಮಾತಾಡಲು ಆಗದಿರುವುದಕ್ಕೆ ಟ್ಯೂಬೇ ಕಾರಣವಿರಬಹುದಲ್ಲ. ಎಂ6 ಕೊಡುವ ಮುಂಚೆ 'ನನ್ನ ಕೈ ಹಿಡೀರಿ' ಅಂದು ಸುಮ್ಮನಾಗುವುದಿಲ್ಲ, ಅಂಗೈಗೆ ಬೆರಳು ತಾಗಿದರೇ ಮುಷ್ಟಿ ಕಟ್ಟುವವರಿದ್ದಾರೆ. 'ಬಿಡಿ' ಅಂದಾಗ ಬಿಡಬೇಕು. ಇಲ್ಲವೇ ಎರಡು ಬೆರಳು ತೋರಿಸಬೇಕು, ನಾಲಿಗೆ ಚಾಚಬೇಕು.

'ಇವಿಡಿ 15' ಕೂಡ ಹೀಗೇ. ಮಿದುಳಿನ ಕುಹರದಿಂದ ದ್ರವ ಹೊರಬಿಡುವ ಕೊಳವೆ ಅದು. ಹದಿನೈದು ಅಂದರೆ ಕಿವಿಯ ಮಟ್ಟದಿಂದ 15 ಸೆಂಟಿಮೀಟರ್ ಎತ್ತರವೋ, ಆ ಗಂಟೆಯಲ್ಲಿ ಇಳಿದ 15 ಮಿಲಿಲೀಟರೋ? ಎತ್ತರ ತಪ್ಪಿ ತೀರಾ ಕೆಳಗಾದರೆ ದ್ರವ ಬೇಗ ಸೋರಿ ರಕ್ತಸ್ರಾವವೂ ಆಗಬಹುದು. ಎರಡನ್ನೂ ಬಿಡಿಬಿಡಿಯಾಗಿ ಹೇಳದೆ ನಾನು ಪಾಳಿ ಬಿಟ್ಟುಕೊಡುವುದಿಲ್ಲ.

ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು ಬೇರೊಂದು ದಿನದ ಮಾತು. ಅಪ್ಪನ ಜಿಸಿಎಸ್ 3 ಅಂತ ಯಾರೋ ಹೇಳಿದ್ದನ್ನು ಕೇಳಿಸಿಕೊಂಡಿದ್ದ ಮಗಳು ನನ್ನ ಹತ್ತಿರ ಬಂದಳು. "ಹದಿನೈದಕ್ಕೆ ಮೂರು ಅಂದ್ರೆ ಸ್ವಲ್ಪನಾದರೂ ಇದೆ ಅಲ್ವಾ ಸಿಸ್ಟರ್?" ಈ ಅಳತೆಯಲ್ಲಿ ಸೊನ್ನೆಯೇ ಇಲ್ಲ, ಮೂರೇ ತಳ. ಅವಳನ್ನು ಕೂರಿಸಿ, ಅಂಕಿ ಬಿಟ್ಟು ಹೇಳಿದೆ: "ಅಪ್ಪ ಕಣ್ಣು ತೆರೀತಿಲ್ಲಮ್ಮ, ದನಿ ಬರ್ತಿಲ್ಲ, ನೋವು ಕೊಟ್ಟರೂ ಕೈಕಾಲು ಆಡ್ತಿಲ್ಲ." ಅವಳು ತುಂಬಾ ಹೊತ್ತು ನನ್ನ ಕೈ ಬಿಡಲಿಲ್ಲ.