ಏರಿಯೊಳಗಿನ ಊರು: ಇನ್ನೊಂದು ರಿಚ್ಮಂಡ್

ಬೆಂಗಳೂರಿನವರಿಗೆ ರಿಚ್ಮಂಡ್ ಅಂದರೆ ಸರ್ಕಲ್ಲು, ಅದರ ಮೇಲಿನ ಫ್ಲೈಓವರು, ಅಲ್ಲಿ ಸವೆದ ಕ್ಲಚ್ಚು. ಈಚೆಗೆ ಇನ್ನೊಂದು ರಿಚ್ಮಂಡ್ ಕೂಡ ನಮ್ಮ ಮನೆಗಳ ಮಾತಿಗೆ ಬಂದಿದೆ. "ಮಗಳು ವ್ಯಾಂಕೂವರ್‌ನಲ್ಲಿದ್ದಾಳೆ" ಅನ್ನುವವರನ್ನು ಸ್ವಲ್ಪ ಕೆದಕಿ ನೋಡಿ. ಬಹಳ ಸಲ ಅದು ಕೆನಡಾದ ಆ ನಗರದ ಸುತ್ತಲಿನ ಸರ್ರೆ, ಬರ್ನಬಿ ಅಥವಾ ರಿಚ್ಮಂಡ್ ಆಗಿರುತ್ತದೆ. ವ್ಯಾಂಕೂವರ್ ವಿಮಾನ ನಿಲ್ದಾಣವೇ ವ್ಯಾಂಕೂವರ್‌ನಲ್ಲಿಲ್ಲ. ಅದಿರುವುದು ರಿಚ್ಮಂಡ್‌ಗೆ ಸೇರಿದ ಸೀ ಐಲೆಂಡ್ ಎಂಬ ದ್ವೀಪದ ಮೇಲೆ. ದೇವನಹಳ್ಳಿಯಲ್ಲಿ ಇಳಿದು ಬೆಂಗಳೂರಿಗೆ ಬಂದೆ ಅಂದ ಹಾಗೆ.

ಕೆರೆ ಎಂದರೇನು ಅಂತ ಗೊತ್ತಿದ್ದರೆ ಈ ಊರು ಅರ್ಧ ಅರ್ಥವಾದಂತೆ. ನಮ್ಮಲ್ಲಿ ಏರಿ ಕಟ್ಟುವುದು ನೀರು ಒಳಗೆ ನಿಲ್ಲಲಿ ಅಂತ. ರಿಚ್ಮಂಡ್‌ನಲ್ಲಿ ಏರಿ ಕಟ್ಟಿರುವುದು ನೀರು ಒಳಗೆ ಬಾರದಿರಲಿ ಅಂತ. ಕೆರೆಯಂಗಳ ಇರಬೇಕಾದ ಜಾಗದಲ್ಲಿ ಊರಿದೆ. 2021ರ ಗಣತಿಯಲ್ಲಿ ಅದರ ಜನಸಂಖ್ಯೆ 2,09,937. ಸಮುದ್ರಮಟ್ಟದಿಂದ ಸರಾಸರಿ ಎತ್ತರ ಸುಮಾರು ಒಂದು ಮೀಟರ್. ನಮ್ಮ ಊರು ನಿಂತಿರುವುದು 900 ಮೀಟರ್‌ಗಿಂತ ಮೇಲೆ, ನೀರು ಎತ್ತ ಬೇಕಾದರೂ ಹರಿದುಹೋಗುವಷ್ಟು ಇಳಿಜಾರಿನಲ್ಲಿ. ಆದರೂ ಮಳೆ ಬಂದರೆ ಹೊರವರ್ತುಲ ರಸ್ತೆಯಲ್ಲಿ ದೋಣಿ ಬಿಡುವ ಸ್ಥಿತಿ ತಂದುಕೊಂಡಿದ್ದೇವೆ. ಅದನ್ನಿಲ್ಲಿ ಬೆಳೆಸುವುದು ಬೇಡ.

ಫ್ರೇಸರ್ ನದಿ ರಾಕಿ ಪರ್ವತಗಳಲ್ಲಿ ಹುಟ್ಟಿ ಸುಮಾರು 1,375 ಕಿ.ಮೀ. ಹರಿದು ಜಾರ್ಜಿಯಾ ಜಲಸಂಧಿಯನ್ನು ಸೇರುತ್ತದೆ. ಹಿಮಯುಗ ಮುಗಿದ ಮೇಲಿನ ಹತ್ತು ಸಾವಿರ ವರ್ಷಗಳಲ್ಲಿ ಅದು ತಂದು ಸುರಿದ ಮರಳು, ಮೆಕ್ಕಲು ಮಣ್ಣೇ ಈ ನೆಲ. ಊರಿನ ಮುಖ್ಯಭಾಗ ಲುಲು ಐಲೆಂಡ್. ಅದರ ಜೊತೆ ಸೀ ಐಲೆಂಡ್, ಮತ್ತೆ ಹದಿನೈದು ಚಿಕ್ಕಪುಟ್ಟ ದ್ವೀಪಗಳು. ಲುಲು ಎನ್ನುವುದು 1860ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ನಾಟಕ ಕಂಪನಿಯ ನಟಿ ಲುಲು ಸ್ವೀಟ್‌ಳ ಹೆಸರು. ಇಟ್ಟವರು ಕರ್ನಲ್ ರಿಚರ್ಡ್ ಮೂಡಿ. ಸೇನಾಧಿಕಾರಿಯೊಬ್ಬರು ನಾಟಕದವಳ ಹೆಸರನ್ನು ಸರ್ಕಾರಿ ನಕ್ಷೆಗೆ ಏರಿಸಿದ್ದು ಆ ಕಾಲಕ್ಕೆ ಚಿಕ್ಕ ಮಾತೇನಲ್ಲ.

ಅದಕ್ಕೂ ಎಷ್ಟೋ ಸಾವಿರ ವರ್ಷ ಮೊದಲಿನಿಂದ ಮಸ್ಕ್ವಿಯಂ ಎಂಬ ಮೂಲನಿವಾಸಿ ಜನ ಈ ದ್ವೀಪಗಳಲ್ಲಿ ಮೀನು ಹಿಡಿದು, ಜೌಗಿನಲ್ಲಿ ಕಾಡು ಕ್ರ್ಯಾನ್‌ಬೆರಿ ಬಿಡಿಸಿ ಬದುಕಿದ್ದರು. ಜಲಸಂಧಿಯ ಆಚೆ ದಡದ ಕೌಯಿಚನ್ ಜನಕ್ಕೆ ಲುಲು ಐಲೆಂಡಿನ ದಕ್ಷಿಣ ತೀರದಲ್ಲಿ ಬೇಸಿಗೆಯ ಮೀನುಗಾರಿಕೆಯ ಹಳ್ಳಿ ಇತ್ತು. 2025ರ ಆಗಸ್ಟ್‌ನಲ್ಲಿ ಈ ಊರಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಸುಪ್ರೀಂ ಕೋರ್ಟ್ ಆ ಜಾಗದ ಒಂದು ಭಾಗದ ಮೇಲೆ ಕೌಯಿಚನ್ನರಿಗೆ ಮೂಲನಿವಾಸಿ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ಅದರ ವಿರುದ್ಧ ನಗರಸಭೆ, ಸರ್ಕಾರ ಮಾತ್ರವಲ್ಲ, ಮಸ್ಕ್ವಿಯಂ ಜನರೂ ಮೇಲ್ಮನವಿ ಹೋದರು. ಅಲ್ಲಿ ಮನೆ ಕೊಳ್ಳಲು ಹೊರಟವರ ಬಾಯಲ್ಲಿ ಈಗ ಈ ಮಾತು ಬಂದೇ ಬರುತ್ತದೆ.

ಈಗ ಏರಿಗೆ ಬರೋಣ. ಒಟ್ಟು 49 ಕಿ.ಮೀ. ಉದ್ದದ ಏರಿ, ಅದರುದ್ದಕ್ಕೂ 39 ಪಂಪ್‌ಹೌಸ್. ಊರೊಳಗಿನ ಮಳೆನೀರು ರಸ್ತೆ ಬದಿಯ ಕಾಲುವೆ, ಕೊಳವೆಗಳಲ್ಲಿ ಏರಿಯ ಬುಡಕ್ಕೆ ಬರುತ್ತದೆ. ಅಲ್ಲಿ ನಮ್ಮ ತೂಬಿನಂಥದೇ ಒಂದು ವ್ಯವಸ್ಥೆ. ಹೊರಬಾಯಿಗೆ ಭಾರದ ಮುಚ್ಚಳ, ಅದರ ಕೀಲು ಮೇಲ್ಗಡೆ. ಸಮುದ್ರ ಇಳಿತದಲ್ಲಿದ್ದಾಗ ಒಳಗಿನ ನೀರೇ ಮುಚ್ಚಳವನ್ನು ತಳ್ಳಿ ಹೊರಗೆ ಹೋಗುತ್ತದೆ. ಕರೆಂಟು ಬೇಡ, ಖರ್ಚಿಲ್ಲ. ಭರತ ಬಂದಾಗ ಹೊರಗಿನ ನೀರು ಮುಚ್ಚಳವನ್ನು ಒತ್ತಿ ಮುಚ್ಚುತ್ತದೆ. ಆ ಹೊತ್ತಿಗೆ ಮಳೆಯೂ ಸುರಿಯುತ್ತಿದ್ದರೆ ಪಂಪು ಶುರುವಾಗಬೇಕು. ಕೆಡುವುದು ಇಲ್ಲೇ. ತೇಲಿ ಬಂದ ಮರದ ತುಂಡು ಮುಚ್ಚಳಕ್ಕೆ ಸಿಕ್ಕಿಕೊಂಡರೆ ಸಮುದ್ರ ಸಂದಿಯಿಂದ ಒಳಗೆ ನುಗ್ಗುತ್ತದೆ. ಎಲೆ, ಹುಲ್ಲು ಬಂದು ಪಂಪಿನ ಮುಂದಿನ ಜಾಲರಿ ಕಟ್ಟಿಕೊಂಡರೆ ಪಂಪು ಓಡುತ್ತಿದ್ದರೂ ನೀರು ಎತ್ತುವುದಿಲ್ಲ. ಏರಿಯ ಮೇಲೆ ಮರ ಬೆಳೆಯಲು ಬಿಡಬಾರದು, ಬಿಲ ತೋಡುವ ಪ್ರಾಣಿಗಳ ಮೇಲೆ ಕಣ್ಣಿಡಬೇಕು. ನಮ್ಮ ನೀರುಗಂಟಿಗಳಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಪಾಯ ಬರುವುದು ವರ್ಷಕ್ಕೆ ಎರಡು ಸಲ, ಎರಡು ದಿಕ್ಕಿನಿಂದ. ಮೇ ಕೊನೆಯಿಂದ ಜೂನ್‌ವರೆಗೆ ಪರ್ವತದ ಹಿಮ ಕರಗಿ ನದಿ ಉಬ್ಬುತ್ತದೆ. 1948ರಲ್ಲಿ ಕಣಿವೆಯ ದೊಡ್ಡ ಭಾಗವನ್ನು ಮುಳುಗಿಸಿದ್ದು ಆ ನೀರು. ಅದಾದ ಮೇಲೆಯೇ, 1968ರಿಂದ, ಕೇಂದ್ರ ಮತ್ತು ಪ್ರಾಂತ ಸರ್ಕಾರಗಳು ಸೇರಿ ಏರಿಗಳನ್ನು ಗಟ್ಟಿ ಮಾಡಿದವು. ಡಿಸೆಂಬರ್–ಜನವರಿಯದು ಸಮುದ್ರದ ಸರದಿ. ವರ್ಷದ ಅತಿ ದೊಡ್ಡ ಭರತದ ಮೇಲೆ ಬಿರುಗಾಳಿಯೂ ಸೇರಿಕೊಳ್ಳುತ್ತದೆ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ಸಮುದ್ರ ಸುಮಾರು ಒಂದು ಸೆಂ.ಮೀ. ಏರುತ್ತದೆ, ಗಾಳಿಯ ಅಲೆ ಅದರ ಮೇಲಿನ ಲೆಕ್ಕ. ಈ ಶತಮಾನದ ಕೊನೆಗೆ ಸಮುದ್ರ ಒಂದು ಮೀಟರ್ ಏರಬಹುದು ಎಂದು ಹಿಡಿದು ಏರಿಯ ತಲೆಯನ್ನು 4.7 ಮೀಟರ್ ಮಟ್ಟಕ್ಕೆ ಎತ್ತುವ ಕೆಲಸ ಹಂತಹಂತವಾಗಿ ನಡೆದಿದೆ. ಮುಂದೆ 5.5ಕ್ಕೆ ಏರಿಸಲು ಬುಡವನ್ನು ಈಗಲೇ ಅಗಲ ಮಾಡುತ್ತಾರೆ. ಜಾಣತನ ಇರುವುದು ಈ ಬುಡ ಅಗಲಿಸುವುದರಲ್ಲಿ.

ಮನೆ ಹುಡುಕುವವರಿಗೆ ಇದೆಲ್ಲ ಬರೀ ಭೂಗೋಳವಲ್ಲ. ಅಗೆದರೆ ಸಾಕು ನೀರು, ಹಾಗಾಗಿ ರಿಚ್ಮಂಡ್‌ನ ಮನೆಗಳಿಗೆ ನೆಲಮಾಳಿಗೆ ಇರುವುದಿಲ್ಲ. ವ್ಯಾಂಕೂವರ್‌ನಲ್ಲಿ ವಿದ್ಯಾರ್ಥಿಗಳು ಹುಡುಕುವ 'ಬೇಸ್‌ಮೆಂಟ್' ಇಲ್ಲಿ ನೆಲಮಹಡಿಯ ಹಿಂಭಾಗದ ಕೋಣೆಗಳು. ಖಾಲಿ ಸೈಟಿನಲ್ಲಿ ತಿಂಗಳುಗಟ್ಟಲೆ ಮರಳಿನ ಗುಡ್ಡೆ ಕಂಡರೆ ಕಂಟ್ರಾಕ್ಟರ್ ಓಡಿಹೋಗಿದ್ದಾನೆ ಅಂದುಕೊಳ್ಳಬೇಡಿ. ಕಟ್ಟಡದ ಭಾರಕ್ಕೆ ನೆಲ ಮುಂದೆ ಕುಸಿಯುವ ಬದಲು ಈಗಲೇ ಕುಸಿದುಬಿಡಲಿ ಎಂದು ಹೇರಿದ ಭಾರ ಅದು. ನೆಲ ಎಷ್ಟು ಇಳಿಯಿತು ಅಂತ ಅಳೆಯುತ್ತಾ ಹೋಗಿ, ಇಳಿಯುವುದು ನಿಂತ ಮೇಲೆ ಮರಳು ತೆಗೆದು ಪಾಯ ಹಾಕುತ್ತಾರೆ. ದೊಡ್ಡ ಕಟ್ಟಡಗಳಿಗೆ ಇಷ್ಟು ಸಾಲದು, ನೆಲದೊಳಕ್ಕೆ ಜಲ್ಲಿ ಕಂಬಗಳನ್ನು ಇಳಿಸಬೇಕು. ಭೂಕಂಪ ಬಂದಾಗ ನೀರು ಕುಡಿದ ಸಡಿಲ ಮರಳು ಗಂಜಿಯಂತೆ ವರ್ತಿಸುತ್ತದೆ; ಆಗ ಏರಿಯೇ ಜಾರುವ ಭಯ. ಆ ಕರಾವಳಿಯಲ್ಲಿ ಕೊನೆಯ ಮಹಾಭೂಕಂಪ ಆದದ್ದು 1700ರ ಜನವರಿಯಲ್ಲಿ. ಇನ್ನು ವಿಮಾನಗಳು ತಲೆಯ ಮೇಲೇ ಹಾರುವುದರಿಂದ ಊರ ನಡುವೆ ಕಟ್ಟಡಗಳ ಎತ್ತರಕ್ಕೆ ಸುಮಾರು 47 ಮೀಟರ್ ಮಿತಿ. ಅದಕ್ಕೇ ಎಲ್ಲ ಟವರುಗಳೂ ಒಂದೇ ಎತ್ತರಕ್ಕೆ ಕತ್ತರಿಸಿದ ಬೇಲಿಯಂತೆ ಕಾಣುತ್ತವೆ.

ವಿಳಾಸ ಹುಡುಕುವುದು ನಮ್ಮ 'ನಾಲ್ಕನೇ ಮೇನ್, ಏಳನೇ ಕ್ರಾಸ್, ಗಣಪತಿ ದೇವಸ್ಥಾನದ ಹಿಂದೆ' ಎನ್ನುವುದಕ್ಕಿಂತ ಸುಲಭ. ಉತ್ತರ–ದಕ್ಷಿಣದ ಹಲವು ದೊಡ್ಡ ರಸ್ತೆಗಳಿಗೆ ಹೆಸರೇ ಇಲ್ಲ: ನಂಬರ್ ಒನ್ ರೋಡ್, ನಂಬರ್ ಟೂ ರೋಡ್, ಹೀಗೆ ಪಶ್ಚಿಮದಿಂದ ಪೂರ್ವಕ್ಕೆ ಮೈಲಿಗೊಂದು. ಮನೆ ನಂಬರಿನಲ್ಲೇ ನಕ್ಷೆ ಇದೆ. ಅಡ್ಡರಸ್ತೆಯ ವಿಳಾಸ 8000ದ ಆಸುಪಾಸಿನಲ್ಲಿದ್ದರೆ ನಂಬರ್ ತ್ರೀ ರೋಡ್ ಪಕ್ಕ, 12000 ಆದರೆ ನಂಬರ್ ಫೈವ್ ಪಕ್ಕ. ಉದ್ದರಸ್ತೆಯ ವಿಳಾಸ 7000 ಅಂದರೆ ಗ್ರ್ಯಾನ್‌ವಿಲ್ ಅವೆನ್ಯೂ, 11000 ಅಂದರೆ ದಕ್ಷಿಣದ ಸ್ಟೀವ್‌ಸ್ಟನ್ ಹೈವೇ. ಸಾವಿರ ನಂಬರಿಗೆ ಸುಮಾರು 800 ಮೀಟರ್, ಹತ್ತು ನಿಮಿಷದ ನಡಿಗೆ.

ಸ್ಟೀವ್‌ಸ್ಟನ್ ಊರಿನ ನೈಋತ್ಯ ಮೂಲೆ, ನದಿ ಸಮುದ್ರ ಸೇರುವಲ್ಲಿ. ರಿಚ್ಮಂಡ್ ಟೌನ್‌ಶಿಪ್ ಆದದ್ದು 1879ರಲ್ಲಿ, ನಗರವಾದದ್ದು 1990ರಲ್ಲಿ. ಆದರೆ ಅದನ್ನು ಪ್ರಪಂಚಕ್ಕೆ ಪರಿಚಯಿಸಿದ್ದು ಸ್ಟೀವ್‌ಸ್ಟನ್ನಿನ ಸಾಮನ್ ಮೀನಿನ ಡಬ್ಬಿ. 1894ರ ಗಲ್ಫ್ ಆಫ್ ಜಾರ್ಜಿಯಾ ಕ್ಯಾನರಿ, ಅಂದರೆ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ, ಈಗ ವಸ್ತುಸಂಗ್ರಹಾಲಯ. 1897ರ ಒಂದೇ ಋತುವಿನಲ್ಲಿ ಅಲ್ಲಿ 25 ಲಕ್ಷಕ್ಕೂ ಹೆಚ್ಚು ಡಬ್ಬಿ ತುಂಬಿದ್ದರು. ಸಾಕ್‌ಐ ಎಂಬ ಕೆಂಪು ಮಾಂಸದ ಸಾಮನ್ ಬೇಸಿಗೆಯ ಕೆಲವೇ ವಾರ ಬರುತ್ತದೆ, ಬಂದರೆ ಹೊಳೆಯೇ ಮೀನು. ಮಂಜುಗಡ್ಡೆ ಇಲ್ಲದ ಕಾಲ; ಹಿಡಿದ ಮೀನನ್ನು ತಡಮಾಡದೆ ಡಬ್ಬಿಗೆ ಹಾಕಬೇಕು. ಹಿಡಿಯುವವರಲ್ಲಿ ಬಹುಮಂದಿ ಜಪಾನೀಯರು, ಕತ್ತರಿಸಿ ಬೆಸುಗೆ ಹಾಕುವವರು ಗುತ್ತಿಗೆಯ ಚೀನೀಯರು, ತೊಳೆದು ತುಂಬುವವರು ಬೆನ್ನಿಗೆ ಮಗು ಕಟ್ಟಿಕೊಂಡ ಮೂಲನಿವಾಸಿ ಹೆಂಗಸರು. ಒಂದು ಪೌಂಡಿನ ಡಬ್ಬಿ, ಪೆಟ್ಟಿಗೆಗೆ 48. ಮುಚ್ಚಿ ಬೇಯಿಸಿ, ಮುಚ್ಚಳಕ್ಕೆ ಚಿಕ್ಕ ತೂತು ಕೊರೆದು ಆವಿ ಬಿಟ್ಟು, ತೂತಿಗೆ ಸೀಸದ ಬೆಸುಗೆ ಹಾಕಿ ಮತ್ತೆ ಬೇಯಿಸುತ್ತಿದ್ದರು. ಆರಿದ ಮೇಲೆ ಒಬ್ಬ ಕಬ್ಬಿಣದ ಕಡ್ಡಿ ಹಿಡಿದು ಸಾಲಾಗಿ ಮುಚ್ಚಳಗಳನ್ನು ತಟ್ಟುತ್ತಾ ಹೋಗುತ್ತಿದ್ದ. ಒಳಕ್ಕೆ ಬಿಗಿದ ಮುಚ್ಚಳದ ನಾದವೇ ಬೇರೆ. ಬೆಸುಗೆ ಬಿಟ್ಟದ್ದು ಬದ್ದು ಬದ್ದು ಅನ್ನುತ್ತದೆ. ನಮ್ಮಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ, ಹಾಗೆ.

ಚೀನೀ ಕೆಲಸಗಾರನೊಬ್ಬ ಕೆನಡಾ ನೆಲದ ಮೇಲೆ ಕಾಲಿಡಲು 1885ರಲ್ಲಿ 50 ಡಾಲರ್ ತಲೆಗಂದಾಯ ಕಟ್ಟಬೇಕಿತ್ತು, 1903ರ ಹೊತ್ತಿಗೆ ಅದು 500. 1923ರಿಂದ 1947ರವರೆಗೆ ಬಾಗಿಲೇ ಬಂದ್. ಮೀನು ಕತ್ತರಿಸುವ ಯಂತ್ರ ಬಂದಾಗ ಅದಕ್ಕಿಟ್ಟ ಹೆಸರೂ ಚೀನೀಯರನ್ನು ಹೀಗಳೆಯುವ ಬೈಗುಳವೇ, ಯಂತ್ರದ ಮೈಮೇಲೆ ಎರಕ ಹೊಯ್ದ ಅಕ್ಷರಗಳಲ್ಲಿ. 1900ರಲ್ಲಿ ಮೀನಿಗೆ 25 ಸೆಂಟ್ ಕೇಳಿ ಬೆಸ್ತರು ಮುಷ್ಕರ ಹೂಡಿದಾಗ ಸೇನೆಯನ್ನು ಕರೆಸಿದರು. ಜನ ಆ ತುಕಡಿಯನ್ನು 'ಸಾಕ್‌ಐ ಫ್ಯೂಸಿಲಿಯರ್ಸ್', ಅಂದರೆ ಸಾಕ್‌ಐ ಮೀನಿನ ಬಂದೂಕುಪಡೆ, ಎಂದು ಗೇಲಿ ಮಾಡಿದರು. 1913–14ರಲ್ಲಿ ನದಿಯ ಮೇಲ್ಭಾಗದ ಹೆಲ್ಸ್ ಗೇಟ್ ಕಮರಿಯಲ್ಲಿ ರೈಲು ಹಾದಿಗೆ ಸಿಡಿಸಿದ ಬಂಡೆ ನೀರಿಗೆ ಬಿದ್ದು ಮೀನಿನ ದಾರಿ ಕಟ್ಟಿತು, ಮೀನುಗಳು ಮೇಲೆ ಹತ್ತಿ ಮೊಟ್ಟೆಯಿಡಲಾಗಲಿಲ್ಲ. ಮೀನೇಣಿ ಕಟ್ಟಿದ್ದು 1940ರ ದಶಕದ ನಡುವಿನಲ್ಲಿ. ಇದಕ್ಕಿಂತ ಕೆಟ್ಟದ್ದು 1942. ಕರಾವಳಿಯಿಂದ ನೂರು ಮೈಲಿಯೊಳಗಿದ್ದ ಜಪಾನೀ ಕೆನಡಿಯನ್ನರನ್ನೆಲ್ಲ, 20,000ಕ್ಕೂ ಹೆಚ್ಚು ಜನರನ್ನು, ಎಬ್ಬಿಸಿದರು. ದೋಣಿ, ಮನೆ ಮಾರಿದರು. ವಾಪಸ್ ಬರಲು ಬಿಟ್ಟಿದ್ದು 1949ರ ಏಪ್ರಿಲ್‌ನಲ್ಲಿ, ಕ್ಷಮೆ ಕೇಳಿದ್ದು 1988ರಲ್ಲಿ. ಮೊದಲ ಜಪಾನೀ ಬೆಸ್ತರು ಬಹುಪಾಲು ವಾಕಯಾಮಾ ಪ್ರಾಂತದವರು. 1973ರಿಂದ ಅಲ್ಲಿನ ವಾಕಯಾಮಾ ನಗರ ರಿಚ್ಮಂಡ್‌ನ ಸೋದರಿ ನಗರ.

ಆ ಬಾಗಿಲು ಬಂದ್ ಆಗಿದ್ದ ನಾಡಿನಲ್ಲಿ ಇವತ್ತು ರಿಚ್ಮಂಡ್‌ನ ನೂರಕ್ಕೆ 54 ಜನ ಚೀನೀ ಮೂಲದವರು. 1997ಕ್ಕೆ ಮುಂಚಿನ ಹಾಂಗ್‌ಕಾಂಗ್ ವಲಸೆ, ಆಮೇಲೆ ತೈವಾನ್, ಚೀನಾ. ನಂಬರ್ ತ್ರೀ ರೋಡಿನ ಅಂಗಡಿಗಳಲ್ಲಿ ಚೀನೀ ಫಲಕ ಮೊದಲು ಕಾಣುತ್ತದೆ. ಸಸ್ಯಾಹಾರಿಗಳಿಗೊಂದು ಎಚ್ಚರಿಕೆ: ಮೆನುವಿನಲ್ಲಿ ಸೊಪ್ಪಿನ ಪಲ್ಯ ಎಂದಿದ್ದರೂ ಮೇಲೆ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಬಿದ್ದಿರುವುದು ಮಾಮೂಲು. "ವೆಜ್" ಅಂದರೆ ಸಾಲದು; ಆಯ್ಸ್ಟರ್ ಸಾಸ್ ಬೇಡ, ಮಾಂಸದ ಸಾರು ಬೇಡ ಎಂದು ಬಿಡಿಸಿ ಹೇಳಿ. ಬೌದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಈ ತಾಪತ್ರಯವಿಲ್ಲ, ಆದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದಿರಬಹುದು. ನಮ್ಮ ಅಜ್ಜಿಯರಿಗೆ ಒಪ್ಪಿಗೆಯಾಗುವಂಥ ಅಡುಗೆ.

ನಂಬರ್ ಫೈವ್ ರೋಡಿಗೆ 'ಸ್ವರ್ಗದ ಹೆದ್ದಾರಿ' ಎಂದು ಅಡ್ಡಹೆಸರು. ಸುಮಾರು ಮೂರು ಕಿ.ಮೀ. ಉದ್ದಕ್ಕೆ ಗುರುದ್ವಾರ, ಹಿಂದೂ ದೇವಸ್ಥಾನ, ಮಸೀದಿ, ಚರ್ಚು, ಥ್ರಂಗು ಟಿಬೆಟನ್ ಮಠ, ಲಿಂಗ್ ಯೆನ್ ಚೀನೀ ದೇವಾಲಯ, ಇಪ್ಪತ್ತಕ್ಕೂ ಹೆಚ್ಚು. ಇದನ್ನು ಸರ್ವಧರ್ಮ ಸಮನ್ವಯ ಎಂದು ಹೊಗಳುವವರುಂಟು. ನಿಜವಾಗಿ ಇದು ಜಮೀನು ಕಾನೂನಿನ ಫಲ. 1973ರಲ್ಲಿ ಪ್ರಾಂತ ಸರ್ಕಾರ ಕೃಷಿಭೂಮಿಯನ್ನು ಮೀಸಲಿಟ್ಟಿತು; ರಿಚ್ಮಂಡ್‌ನ ನೂರಕ್ಕೆ ಸುಮಾರು 39 ಭಾಗ ಅದರೊಳಗಿದೆ. ಈ ರಸ್ತೆಯ ಪಕ್ಕ ಮಾತ್ರ ಮುಂದಿನ 110 ಮೀಟರ್‌ನಲ್ಲಿ ಪ್ರಾರ್ಥನಾಲಯ ಕಟ್ಟಬಹುದು, ಹಿಂದಿನ ಜಮೀನಿನಲ್ಲಿ ಬೇಸಾಯ ಮಾಡಲೇಬೇಕು. ದೇವರ ಬೆನ್ನ ಹಿಂದೆ ಹಣ್ಣಿನ ತೋಟ ಇರುವುದು ಹಾಗೆ. ಗ್ರೀನ್ ಬೆಲ್ಟ್ ಕಳೆದುಕೊಂಡ ಊರಿನವರು ನಾವು, ಇದನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ನೋಡಬೇಕು.

ಪೂರ್ವಭಾಗದ ನೆಲ ಪೀಟ್, ಕೊಳೆಯದ ಪಾಚಿಯ ಹುಳಿ ಮಣ್ಣು. ಅಲ್ಲಿ ಕ್ರ್ಯಾನ್‌ಬೆರಿ ಬೆಳೆಯುತ್ತಾರೆ. ರುಚಿಗೆ ನಮ್ಮ ಕವಳೆಕಾಯಿಯ ದೂರದ ನಂಟ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೊಯ್ಲು. ಹೊಲಕ್ಕೆ ಗೇಣುದ್ದ ನೀರು ಕಟ್ಟಿ, ಮಜ್ಜಿಗೆ ಕಡೆಯುವಂತೆ ಯಂತ್ರದಿಂದ ಬಳ್ಳಿಯನ್ನು ಬಡಿಯುತ್ತಾರೆ. ಹಣ್ಣಿನೊಳಗೆ ನಾಲ್ಕು ಗಾಳಿಕೋಣೆ ಇರುವುದರಿಂದ ಉದುರಿದ್ದೆಲ್ಲ ತೇಲುತ್ತದೆ. ಆಮೇಲೆ ನೀರು ಹೆಚ್ಚಿಸಿ, ತೇಲುವ ಪಟ್ಟಿಯಿಂದ ಕೆಂಪು ರಾಶಿಯನ್ನು ಮೂಲೆಗೆ ಎಳೆದು ಮೇಲೆತ್ತುವುದು. ಬೇಸಿಗೆಯಲ್ಲಿ ಇದೇ ಪೀಟ್ ಒಣಗಿ ಬೆಂಕಿ ಹಿಡಿದರೆ ಕಷ್ಟ, 2018ರಲ್ಲಿ ಹಿಡಿದಿತ್ತು. ಅದು ನೆಲದೊಳಗೇ ಹೊಗೆಯಾಡುತ್ತಾ ಹರಡುತ್ತದೆ, ಮೇಲೆ ನೀರು ಹೊಯ್ದರೆ ಆರುವುದಿಲ್ಲ, ಅಗೆದು ನೆನೆಸಬೇಕು.

ಓಡಾಡಲು 2009ರಲ್ಲಿ ಶುರುವಾದ ಕೆನಡಾ ಲೈನ್ ರೈಲಿದೆ, ಚಾಲಕನಿಲ್ಲದ್ದು. ಬ್ರಿಗ್‌ಹೌಸ್ ನಿಲ್ದಾಣದಿಂದ ವ್ಯಾಂಕೂವರ್ ಪೇಟೆಗೆ ಸುಮಾರು 25 ನಿಮಿಷ. ವಿಮಾನ ನಿಲ್ದಾಣದಲ್ಲೇ ಟಿಕೆಟ್ ಕೊಂಡರೆ ಹೆಚ್ಚುವರಿ ದರ ಸೇರುತ್ತದೆ. ಯಂತ್ರ ಮೋಸ ಮಾಡಿತು ಅಂದುಕೊಳ್ಳಬೇಡಿ. ದಕ್ಷಿಣಕ್ಕೆ ಹೋಗುವ ಮಾಸ್ಸಿ ಸುರಂಗ 1959ರದು, ಬೇರೆಡೆ ಎರಕ ಹೊಯ್ದ ಆರು ಕಾಂಕ್ರೀಟ್ ತುಂಡುಗಳನ್ನು ತೇಲಿಸಿ ತಂದು ನದಿಯ ತಳದಲ್ಲಿ ಕೂರಿಸಿದ್ದು. ಸಂಜೆ ಅಲ್ಲಿಯ ಟ್ರಾಫಿಕ್ ನೋಡಿದರೆ ಸಿಲ್ಕ್ ಬೋರ್ಡ್ ನೆನಪಾಗುತ್ತದೆ.

ಪಶ್ಚಿಮದ ಏರಿಯ ಮೇಲೆ ಟೆರಾ ನೋವಾದಿಂದ ಗ್ಯಾರಿ ಪಾಯಿಂಟ್‌ವರೆಗೆ ಆರು ಕಿ.ಮೀ.ಗೆ ಹತ್ತಿರದ ಮಣ್ಣಿನ ದಾರಿ, ಏರಿಳಿತವೇ ಇಲ್ಲ, ವಯಸ್ಸಾದವರೂ ಆರಾಮಾಗಿ ನಡೆಯಬಹುದು. ಅಕ್ಟೋಬರ್–ನವೆಂಬರ್‌ನಲ್ಲಿ ರಷ್ಯದ ರ‍್ಯಾಂಗಲ್ ದ್ವೀಪದಿಂದ ಬಿಳಿ ಹೆಬ್ಬಾತುಗಳು ಸಾವಿರಗಟ್ಟಲೆ ಬಂದು ಹೊರಗಿನ ಜೌಗಿನಲ್ಲಿ ಇಳಿಯುತ್ತವೆ. ಮಳೆಗಾಲ ಅಲ್ಲಿ ಚಳಿಗಾಲವೇ, ಆದ್ದರಿಂದ ಕೊಡೆಗಿಂತ ಟೋಪಿಯಿರುವ ಜಾಕೆಟ್ ಒಯ್ಯಿರಿ; ಏರಿಯ ಮೇಲೆ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಭರತದ ಹೊತ್ತು ನೋಡಿಕೊಂಡು ಹೋದರೆ ಒಂದು ಬದಿಯ ನೀರು ಇನ್ನೊಂದು ಬದಿಯ ಅಂಗಳಗಳಿಗಿಂತ ಮೇಲಿರುವುದು ಬರಿಗಣ್ಣಿಗೇ ಕಾಣುತ್ತದೆ. ಆ ಜೌಗು ಹುಲ್ಲೇ ಅಲೆಯ ಬಲ ಮುರಿದು ಏರಿಯನ್ನು ಕಾಯುವುದು. ಹಡಗುಗಳಿಗಾಗಿ ನದಿಯ ಹೂಳೆತ್ತಿ, ಬಾಯಿಗೆ ಕಲ್ಲಿನ ಗೋಡೆ ಕಟ್ಟಿದ ಮೇಲೆ ಹೊಸ ಮಣ್ಣು ಅಲ್ಲಿಗೆ ಹಿಂದಿನಷ್ಟು ತಲುಪುತ್ತಿಲ್ಲ, ಹುಲ್ಲು ಹಿಂದೆ ಸರಿಯುತ್ತಿದೆ. ಈಗ ಎತ್ತಿದ ಹೂಳನ್ನೇ ಒಯ್ದು ಜೌಗಿನ ಬಳಿ ಸುರಿದು ನೋಡುವ ಪ್ರಯೋಗ ನಡೆದಿದೆ.