ಎಡಗೈ ಮತ್ತು ಸಿಲ್ಕ್ ಬೋರ್ಡ್

ಬೆಂಗಳೂರಿನ ಬನಶಂಕರಿ ಕಡೆಯಿಂದ ಕಾಡುಬೀಸನಹಳ್ಳಿಗೆ ದಿನಾ ಗೇರ್ ಬೈಕಿನಲ್ಲಿ ಓಡಾಡುವವರ ಎಡ ಅಂಗೈ ತಿರುಗಿಸಿ ನೋಡಿ. ಬೆರಳುಗಳ ಬುಡದಲ್ಲಿ ಚರ್ಮ ದಪ್ಪಗಾಗಿರುತ್ತದೆ. ಬಲಗೈ ಮೆತ್ತಗೇ ಇರುತ್ತದೆ. ಹದಿನಾರು ಕಿಲೋಮೀಟರ್ ಆಸುಪಾಸಿನ ದಾರಿ, ಬೆಳಗಿನ ಹೊತ್ತು ಎಂಬತ್ತು ನಿಮಿಷ. ಅಂದರೆ ಗಂಟೆಗೆ 12 ಕಿ.ಮೀ. ಸೈಕಲ್ಲಿನವನಿಗೆ ಇದಕ್ಕಿಂತ ಹೆಚ್ಚು ವೇಗ ಸಾಧ್ಯ. ಈ ಎಂಬತ್ತರಲ್ಲಿ ನಲವತ್ತು ನಿಮಿಷವಾದರೂ ಗಾಡಿ ತೆವಳುವುದೇ ಕೆಲಸ. ಹದಿನೈದು ಸೆಕೆಂಡಿಗೊಮ್ಮೆ ಎಡಗೈಯಲ್ಲಿ ಕ್ಲಚ್ ಹಿಡಿದರೂ 160 ಸಲ ಆಯಿತು. ಸಂಜೆಯದ್ದೂ ಸೇರಿದರೆ 320. ತಿಂಗಳಿಗೆ 22 ದಿನ ಕೆಲಸ ಅಂದುಕೊಂಡರೆ ಏಳು ಸಾವಿರ ದಾಟುತ್ತದೆ. ಟ್ರಾಫಿಕ್ ಬಗ್ಗೆ ಮಾತಾಡುವವರೆಲ್ಲ ಸಮಯದ ಲೆಕ್ಕ ಹಾಕುತ್ತಾರೆ. ಗಾಡಿ ಮತ್ತು ಮೈ ಇಡುವ ಲೆಕ್ಕ ಇದು.

ಹಾಗಾಗಿ ದಿನ ಶುರುವಾಗುವುದು ಮನೆ ಗೇಟಿನ ಒಳಗೆ, ಎಂಜಿನ್ ತಣ್ಣಗಿರುವಾಗಲೇ. ಕ್ಲಚ್ ಲಿವರನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆಯಿರಿ. ತುದಿ ಒಂದರಿಂದ ಎರಡು ಸೆಂಟಿಮೀಟರ್ ಸಡಿಲವಾಗಿ ಬಂದು, ಆಮೇಲೆ ಬಿಗಿ ಸಿಗಬೇಕು. ಮೆಕ್ಯಾನಿಕ್‌ಗಳು ಇದಕ್ಕೆ ‘ಪ್ಲೇ’ ಅನ್ನುತ್ತಾರೆ. ಗಾಡಿ ಕಾದ ಮೇಲೆ ನೋಡಿದರೆ ಈ ಅಳತೆ ಮೋಸ ಮಾಡುತ್ತದೆ, ಒಳಗಿನ ಲೋಹ ಹಿಗ್ಗಿರುತ್ತದೆ. ಪ್ಲೇ ಒಂದೊಂದೇ ವಾರಕ್ಕೆ ತಾನಾಗಿ ಕಮ್ಮಿಯಾಗುತ್ತಿದ್ದರೆ ಹೆಚ್ಚಿನ ಗಾಡಿಗಳಲ್ಲಿ ಅದು ಕ್ಲಚ್ಚಿನೊಳಗಿನ ಪ್ಲೇಟ್ ಸವೆಯುತ್ತಿರುವ ಸುದ್ದಿ. ಹೆಚ್ಚಾಗುತ್ತಿದ್ದರೆ ಲಿವರಿನಿಂದ ಕ್ಲಚ್ಚಿಗೆ ಹೋಗುವ ಕೇಬಲ್ ಎಳೆದುಕೊಳ್ಳುತ್ತಿದೆ, ಇಲ್ಲವೇ ಅದರ ಒಂದೊಂದು ಎಳೆ ಕಡಿಯುತ್ತಿದೆ. ಎರಡನೆಯದು ಹೆಚ್ಚು ಅಪಾಯ. ಪ್ಲೇಟ್ ನಿಧಾನಕ್ಕೆ ಹೋಗುತ್ತದೆ, ಕೇಬಲ್ ಒಂದೇ ಸಲಕ್ಕೆ ಹೋಗುತ್ತದೆ.

ಹೊರಡುವ ಹೊತ್ತು ಈ ದಾರಿಯಲ್ಲಿ ಕಿಲೋಮೀಟರಿಗಿಂತ ಮುಖ್ಯ. ಏಳೂವರೆಯಿಂದ ಎಂಟೂಕಾಲರವರೆಗೆ ಶಾಲೆ ವ್ಯಾನುಗಳ ಕಾಲ. ಅದು ತಗ್ಗಿ ಆಫೀಸಿನ ಕ್ಯಾಬುಗಳ ಸಾಲು ಬೆಳೆಯುವ ನಡುವೆ ಒಂದು ಸಣ್ಣ ಸಂದು ಸಿಗುತ್ತದೆ. ಅದನ್ನು ಹತ್ತು ನಿಮಿಷ ತಪ್ಪಿಸಿಕೊಂಡರೆ ಆ ಕಡೆ ತಲುಪುವುದು ಇಪ್ಪತ್ತೈದು ನಿಮಿಷ ತಡವಾಗಿ. ಮಂಗಳವಾರದಿಂದ ಗುರುವಾರದವರೆಗೆ ಆ ಸಂದೂ ಇರುವುದಿಲ್ಲ. ವಾರಕ್ಕೆ ಮೂರೇ ದಿನ ಆಫೀಸಿಗೆ ಬರುವವರೆಲ್ಲ ಆರಿಸಿಕೊಳ್ಳುವುದು ಅವೇ ಮೂರು ದಿನ.

ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಜಂಕ್ಷನ್ ಕಡೆಗೆ ಡಬಲ್ ಡೆಕರ್ ಫ್ಲೈಓವರ್‌ನ ಒಂದು ಬದಿ 2024ರ ಜುಲೈನಲ್ಲಿ ತೆರೆಯಿತು. ಕೆಳಗೆ ಹಳೆ ರಸ್ತೆ, ನಡುವೆ ಫ್ಲೈಓವರ್, ಅದರ ಮೇಲೆ ಮೆಟ್ರೋ. ಮೂರು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು ದೂರ ಜಯದೇವ, ಬಿಟಿಎಂ ಸಿಗ್ನಲ್‌ಗಳ ತಲೆಯ ಮೇಲೇ ಹೋಗಬಹುದು. ಗಾಡಿಯ ಕ್ಲಚ್ ಪರೀಕ್ಷೆಗೂ ಇದೇ ಸರಿಯಾದ ಜಾಗ. ಏರು ಹತ್ತುವಾಗ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ತುಸು ಜಾಸ್ತಿ ತಿರುವಿ. ಎಂಜಿನ್ ಸದ್ದು ಏರಿ, ಸ್ಪೀಡೋಮೀಟರ್ ಮುಳ್ಳು ಇದ್ದಲ್ಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಸಮತಟ್ಟಾದ ರಸ್ತೆಯಲ್ಲಿ ಇದು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ, ‘ಪಿಕಪ್ ಯಾಕೋ ಕಮ್ಮಿ’ ಅಂತ ಪೆಟ್ರೋಲನ್ನು ಬೈದುಕೊಂಡು ಓಡಿಸುತ್ತಿರುತ್ತೇವೆ. ಇನ್ನು, ಮೇಲೆ ಉಳಿಸಿದ ಸಮಯದಲ್ಲಿ ಒಂದು ಪಾಲನ್ನು ಫ್ಲೈಓವರ್ ಇಳಿಯುವ ಬಾಯಲ್ಲೇ ವಾಪಸ್ ಕೊಡಬೇಕಾಗುತ್ತದೆ.

ಅಲ್ಲಿಂದ ಅಗರ, ಇಬ್ಬಲೂರು, ಬೆಳ್ಳಂದೂರು. ಹೊರವರ್ತುಲ ರಸ್ತೆಯ ಮುಖ್ಯ ದಾರಿಯಲ್ಲಿ ಇಲ್ಲಿ ಸಿಗ್ನಲ್ ಸಿಗುವುದೇ ಅಪರೂಪ. ಆದರೂ ಗಾಡಿಗಳು ನಿಲ್ಲುತ್ತವೆ. ಹೊಸಬರಿಗೆ ಇದು ಅರ್ಥವಾಗುವುದಿಲ್ಲ. ಮುಂದೆ ಏನೋ ಆಕ್ಸಿಡೆಂಟ್ ಆಗಿರಬೇಕು ಅಂದುಕೊಂಡು ಹೋದರೆ ಏನೂ ಇರುವುದಿಲ್ಲ. ಆಗುವುದು ಇಷ್ಟು: ಸರ್ವಿಸ್ ರೋಡಿನಿಂದ ಗಾಡಿಗಳು ಒಳಗೆ ನುಗ್ಗುವ ಬಾಯಿ ಇರುತ್ತದೆ. ಅದರ ಪಕ್ಕದಲ್ಲೇ ಬಸ್ ಸ್ಟಾಪ್. ಮೆಟ್ರೋ ನೀಲಿ ಮಾರ್ಗದ ಕೆಲಸಕ್ಕೆ ತಗಡು ಕಟ್ಟಿದ ಕಡೆ ಒಂದು ಲೇನ್ ಮಾಯ. 500 ಡಿ ಬಸ್ಸು ಸ್ಟಾಪಿನಿಂದ ಓರೆಯಾಗಿ ಹೊರಬಂದರೆ ಒಬ್ಬ ಬ್ರೇಕ್ ಹಾಕುತ್ತಾನೆ, ಹಿಂದಿನವನು ಇನ್ನೂ ಜೋರಾಗಿ ಹಾಕುತ್ತಾನೆ, ಹತ್ತನೆಯವನು ಪೂರ್ತಿ ನಿಲ್ಲುತ್ತಾನೆ. ಬಸ್ಸು ಹೋಗಿ ಐದು ನಿಮಿಷವಾದರೂ ಆ ನಿಲುಗಡೆ ಅಲೆಯ ಹಾಗೆ ಹಿಂದಕ್ಕೆ ಸಾಗುತ್ತಲೇ ಇರುತ್ತದೆ. ಜಪಾನಿನಲ್ಲಿ ಇದನ್ನೇ ಮಾಡಿ ತೋರಿಸಿದ್ದಾರೆ. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದರು; ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಬಸ್ಸಿಲ್ಲ. ಆದರೂ ಜಾಮ್ ತಾನಾಗಿ ಹುಟ್ಟಿತು. ಪ್ರಯೋಗದ ವರದಿ 2008ರಲ್ಲಿ ಪ್ರಕಟವಾಯಿತು.

ಎಡಗೈಗೆ ಇದರಿಂದ ಒಂದು ಪಾಠವಿದೆ. ಮುಂದಿನ ಗಾಡಿ ಎರಡು ಮೀಟರ್ ಸರಿಯಿತು ಅಂತ ತಕ್ಷಣ ಸರಿಯಬೇಡಿ. ಏಳೆಂಟು ಮೀಟರ್ ಜಾಗ ಆಗಲಿ. ಆಮೇಲೆ ಮೊದಲನೇ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟಿಯೂ ಮುಟ್ಟದ ಹಾಗೆ ಹೋಗಿ. 125 ಸಿಸಿ ಬೈಕು ಹೀಗೆ ಏಳೆಂಟು ಕಿ.ಮೀ. ವೇಗದಲ್ಲಿ ಗೊಣಗದೆ ನಡೆಯುತ್ತದೆ. ಮೂರು ಸಲ ಹಿಡಿಯುವ ಕ್ಲಚ್ ಒಂದೇ ಸಲಕ್ಕೆ ಮುಗಿಯುತ್ತದೆ. ಜಾಗ ಬಿಟ್ಟರೆ ಆಟೋ ನುಗ್ಗುತ್ತದೆ ಅನ್ನುತ್ತೀರಿ. ನುಗ್ಗುತ್ತದೆ, ಖಂಡಿತ. ದಾರಿಯುದ್ದಕ್ಕೂ ಹದಿನೈದು ಆಟೋ ನುಗ್ಗಿದರೂ ಕಳೆದುಕೊಳ್ಳುವುದು ಒಂದೆರಡು ನಿಮಿಷ. ಹಿಂದಿನ ಕ್ಯಾಬಿನವನು ಹಾರ್ನ್ ಒತ್ತುತ್ತಾನೆ. ಅವನು ಜಾಗ ಬಿಡದಿದ್ದರೂ ಒತ್ತುತ್ತಿದ್ದ.

ಬಹಳ ಜನ ಮಾಡುವುದು ಇದಕ್ಕೆ ತದ್ವಿರುದ್ಧ. ಲಿವರನ್ನು ಅರ್ಧ ಹಿಡಿದು, ಆಕ್ಸಿಲರೇಟರ್ ಏರಿಸಿ, ಗಾಡಿಯನ್ನು ಇಂಚಿಂಚು ತೇಲಿಸುವುದು. ಹಾಫ್ ಕ್ಲಚ್. ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಘರ್ಷಣೆಯ ಪ್ಲೇಟು, ಉಕ್ಕಿನ ಪ್ಲೇಟು ಒಂದರ ಮೇಲೊಂದು ಜೋಡಿಸಿರುತ್ತಾರೆ. ಸ್ಪ್ರಿಂಗ್‌ಗಳು ಅವನ್ನು ಒತ್ತಿ ಹಿಡಿದಿರುತ್ತವೆ. ಲಿವರ್ ಎಳೆದಾಗ ಒತ್ತಡ ಸಡಿಲಿ ಪ್ಲೇಟುಗಳು ಬಿಡುತ್ತವೆ. ಪೂರ್ತಿ ಹಿಡಿದರೂ, ಪೂರ್ತಿ ಬಿಟ್ಟರೂ ಸವೆತ ಅಷ್ಟಕ್ಕಷ್ಟೆ. ನಡುವೆ ಹಿಡಿದರೆ ಪ್ಲೇಟುಗಳು ಒಂದರ ಮೇಲೊಂದು ಉಜ್ಜುತ್ತವೆ, ಆ ಬಿಸಿಯೆಲ್ಲ ಆಯಿಲ್‌ಗೆ. ಗಾಳಿಯಿಂದ ತಣಿಯುವ ಎಂಜಿನ್ ನಿಂತಲ್ಲೇ ನಿಂತಿದ್ದರೆ ಗಾಳಿಯೂ ಇಲ್ಲ. ಕಾರಿನಲ್ಲಾದರೆ ಹಾಫ್ ಕ್ಲಚ್ ಅತಿಯಾದಾಗ ಸುಟ್ಟ ವಾಸನೆ ಬಂದು ಎಚ್ಚರಿಸುತ್ತದೆ. ಬೈಕಿನಲ್ಲಿ ಸಾಮಾನ್ಯವಾಗಿ ಅದೂ ಇಲ್ಲ. ಆಯಿಲ್ ಬೇಗ ಕಪ್ಪಾಗುತ್ತದೆ, ಅಷ್ಟೆ.

ಆಯಿಲ್ ವಿಷಯದಲ್ಲಿ ಮೀಟರಿನ ಕಿಲೋಮೀಟರ್ ನಂಬಿ ಕೂತರೆ ಕೆಟ್ಟೆವು. 3000 ಕಿ.ಮೀ.ಗೆ ಒಮ್ಮೆ ಬದಲಿಸುವ ಗಾಡಿ ಹೆದ್ದಾರಿಯಲ್ಲಿ 40ರ ವೇಗದಲ್ಲಿ ಓಡಿದರೆ ಎಂಜಿನ್ ನಡೆದದ್ದು 75 ಗಂಟೆ. ಇದೇ ರಸ್ತೆಯಲ್ಲಿ 12ರ ಲೆಕ್ಕದಲ್ಲಿ 250 ಗಂಟೆ. ಎರಡೂ ಗಾಡಿಯ ಮೀಟರ್ ತೋರಿಸುವುದು ಅದೇ 3000. ಕೈಪಿಡಿ ಹೇಳಿದ್ದಕ್ಕಿಂತ ಐದುನೂರು ಕಿಲೋಮೀಟರ್ ಮುಂಚೆಯೇ ಬದಲಿಸುವುದು ದುಂದು ಅಲ್ಲ. ಡಬ್ಬದ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ 2’ ಎಂದಿರಬೇಕು; ಜಾಸೋ ಅಂದರೆ ಬೈಕ್ ಆಯಿಲ್‌ಗೆ ಜಪಾನಿನವರು ಕೊಡುವ ಗುಣಮಟ್ಟದ ಗುರುತು. ‘ಎಂಬಿ’ ಅಂದರೆ ಗೇರಿಲ್ಲದ ಸ್ಕೂಟರಿಗೆ. ಮನೆಯಲ್ಲಿ ಉಳಿದಿದ್ದ ಕಾರಿನ ಆಯಿಲ್ ಸುರಿದು, ಹೊಸ ಪ್ಲೇಟೇ ಜಾರುವ ಹಾಗೆ ಮಾಡಿಕೊಂಡವರಿದ್ದಾರೆ. ಕಾರಿನ ಆಯಿಲ್‌ಗೆ ಘರ್ಷಣೆ ತಗ್ಗಿಸುವ ಅಂಶ ಸೇರಿಸಿರುತ್ತಾರೆ; ಕ್ಲಚ್‌ಗೆ ಬೇಕಾದದ್ದೇ ಘರ್ಷಣೆ.

ಸಿಗ್ನಲ್‌ನಲ್ಲಿ ಕ್ಲಚ್ ಹಿಡಿದು ಮೊದಲನೇ ಗೇರಿನಲ್ಲೇ ನಿಲ್ಲುವ ಚಟ ಬಿಡಬೇಕು. ಆದರೆ ನ್ಯೂಟ್ರಲ್‌ಗೆ ಹಾಕಲು ಆತುರವೂ ಬೇಡ. ಹಿಂದೆ ಒಂದು ಗಾಡಿಯಾದರೂ ಬಂದು ನಿಂತದ್ದು ಕನ್ನಡಿಯಲ್ಲಿ ಕಾಣುವವರೆಗೆ ಗೇರಿನಲ್ಲೇ ಇರಿ. ಬ್ರೇಕ್ ಹತ್ತದ ಟೆಂಪೋ ಹಿಂದಿನಿಂದ ಬಂದರೆ ಪಕ್ಕಕ್ಕೆ ಜಿಗಿಯಲು ಆ ಗೇರು ಬೇಕು. ಹಿಂದೆ ಸಾಲು ಕಟ್ಟಿದ ಮೇಲೆ ನ್ಯೂಟ್ರಲ್, ಅರ್ಧ ನಿಮಿಷಕ್ಕಿಂತ ಹೆಚ್ಚಿದ್ದರೆ ಎಂಜಿನ್ ಆಫ್, ಎಡಗೈ ತೊಡೆಯ ಮೇಲೆ. ಮುಷ್ಟಿ ಬಿಚ್ಚಿ ಮುಚ್ಚಿ. ನ್ಯೂಟ್ರಲ್ ಸಿಗದೆ ಒಂದು, ಎರಡು ಅಂತ ಗೇರು ಒದ್ದಾಡಿಸುತ್ತಿದ್ದರೆ ಪ್ಲೇ ಜಾಸ್ತಿಯಾಗಿದೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಲಿವರ್ ಬುಡದ ಅಡ್ಜಸ್ಟರನ್ನು ಅಲ್ಲೇ ಕೈಯಲ್ಲಿ ಒಂದು ಸುತ್ತು ಹೊರಕ್ಕೆ ತಿರುಗಿಸಿದರೆ ಆಫೀಸ್ ತಲುಪಬಹುದು. ಮಣಿಕಟ್ಟು ಜೋಮು ಹಿಡಿಯುತ್ತಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಲಿವರ್ ಕೋನ ನೋಡಿ. ಸೀಟಿನ ಮೇಲೆ ಕೂತು ಬೆರಳು ಚಾಚಿದಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಇರಬೇಕು. ಹಿಡಿಕೆಯ ಬೋಲ್ಟ್ ಸಡಿಲಿಸಿ ಲಿವರನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿದರೆ ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತದೆ.

ಕೇಬಲ್ ಕಟ್ಟಾಗುವುದು ಹೆಚ್ಚಾಗಿ ಲಿವರಿನ ಒಳಗೆ, ಅದರ ತುದಿಯ ಲೋಹದ ಗುಂಡು ಕೂರುವ ಜಾಗದಲ್ಲಿ. ದಿನಾ ಅಲ್ಲೇ ಬಗ್ಗಿ ನೆಟ್ಟಗಾಗುತ್ತದಲ್ಲ. ಮೊದಲು ಒಂದು ಎಳೆ ಬಿಟ್ಟು ಮುಳ್ಳಿನ ಹಾಗೆ ನಿಲ್ಲುತ್ತದೆ. ಲಿವರ್ ಎಳೆದಾಗ ಕರಕರ ಅನ್ನುತ್ತದೆ. ಆ ಕರಕರಕ್ಕೂ ಪೂರ್ತಿ ಹರಿಯುವುದಕ್ಕೂ ನಡುವೆ ಕೆಲವೇ ದಿನ. ಹರಿದದ್ದು ಇಬ್ಬಲೂರಿನ ನಡುರಸ್ತೆಯಲ್ಲಿ ಅಂತಾದರೆ, ಕ್ಲಚ್ ಇಲ್ಲದೆ ಓಡಿಸುವ ವಿದ್ಯೆ ಇದೆ: ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಕಾಲಲ್ಲಿ ತಳ್ಳಿ ನಡಿಗೆಯ ವೇಗ ಬಂದಾಗ ಮೊದಲನೇ ಗೇರು ಒತ್ತಬೇಕು. ಗಾಡಿ ಜಗ್ಗಿ ಹೊರಡುತ್ತದೆ. ಮುಂದಿನ ಗೇರಿಗೆ ಆಕ್ಸಿಲರೇಟರ್ ಒಂದು ಕ್ಷಣ ಬಿಟ್ಟು ಆ ಸಂದಿನಲ್ಲಿ ಬದಲಿಸಬೇಕು. ನಿಲ್ಲುವ ಮೊದಲೇ ನ್ಯೂಟ್ರಲ್ ಹುಡುಕಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ ಇದು ಚೆಂದ. ಹತ್ತು ಮೀಟರಿಗೊಮ್ಮೆ ನಿಲ್ಲುವ ರಸ್ತೆಯಲ್ಲಿ ಮುಂದಿನ ಕಾರಿನ ಡಿಕ್ಕಿಗೆ ಗುದ್ದುವ ದಾರಿ. ಸುಮ್ಮನೆ ಇಳಿದು, ‘ಅಣ್ಣ, ಸ್ವಲ್ಪ ಸೈಡ್ ಬಿಡಣ್ಣ’ ಅಂತ ಕೇಳಿಕೊಂಡು ಸರ್ವಿಸ್ ರೋಡಿಗೆ ತಳ್ಳುವುದೇ ವಾಸಿ. ದೂರದ ಸವಾರಿ ಮಾಡುವವರದ್ದು ಜಾಣ ಉಪಾಯ: ಓಡುತ್ತಿರುವ ಕೇಬಲ್ಲಿನ ಜೊತೆಗೇ ಹೊಸದೊಂದನ್ನು ಎಳೆದು ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಹರಿದ ದಿನ ಎರಡು ತುದಿ ಸಿಕ್ಕಿಸಿದರೆ ಹತ್ತು ನಿಮಿಷದ ಕೆಲಸ. ಟ್ಯಾಂಕ್ ಎತ್ತುವ ಗೋಜಿಲ್ಲ.

ಇಷ್ಟೆಲ್ಲ ಯಾಕೆ, ಸ್ಕೂಟರ್ ತಗೊಂಡರಾಯ್ತಲ್ಲ ಅನ್ನಬಹುದು. ನಿಜ, ಈ ರಸ್ತೆಯಲ್ಲಿ ಅನೇಕರು ಬೈಕು ಮಾರಿ ಸ್ಕೂಟರಿಗೆ ಬಂದದ್ದು ಎಡಗೈ ನೋವಿಗೇ. ಆದರೆ ಅದರೊಳಗೂ ಕ್ಲಚ್ ಇದೆ, ಎಂಜಿನ್ ವೇಗಕ್ಕೆ ತಾನಾಗಿ ಅಗಲಿ ಹಿಡಿಯುವಂಥದ್ದು. ಐದಾರು ಕಿ.ಮೀ. ವೇಗದಲ್ಲಿ ಎಳೆಯುತ್ತಾ ಹೋದರೆ ಅದು ಇಡೀ ಹೊತ್ತು ಅರ್ಧ ಹಿಡಿದೇ ಇರುತ್ತದೆ, ಒಳಗಿನ ಉಜ್ಜುವ ಪಟ್ಟಿ, ಅಂದರೆ ಶೂ, ನುಣುಪಾಗಿ, ಹೊರಡುವಾಗ ಗಾಡಿ ಗಡಗಡ ನಡುಗಲು ಶುರು. ಅಲ್ಲೂ ಅದೇ ಉಪಾಯ: ಜಾಗ ಆಗಲು ಬಿಟ್ಟು, ಒಂದೇ ಸಲ ಹೊರಡಿ.

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ವಾರಕ್ಕೆ ಒಂದೆರಡು ದಿನ ಗಾಡಿ ಬಿಟ್ಟು ಹೋಗುವುದು ಸುಲಭವಾಗಿದೆ. ಸಿಲ್ಕ್ ಬೋರ್ಡಿನಲ್ಲಿ ಇಳಿದು 500ರ ಸರಣಿಯ ಬಸ್ಸು ಹಿಡಿಯಬೇಕು. ಸಮಯ ಹೆಚ್ಚೇನೂ ಉಳಿಯುವುದಿಲ್ಲ, ಕೈ ಉಳಿಯುತ್ತದೆ.

ಹಾಫ್ ಕ್ಲಚ್ ಸರಿ ಅನಿಸುವ ಒಂದೇ ಸಂದರ್ಭ ಸಂಜೆಯ ಮಳೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಭಾಗ ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಎಲ್ಲರಿಗೂ ನೆನಪಿದೆ. ಅಷ್ಟಲ್ಲದಿದ್ದರೂ ಒಂದು ಗಂಟೆ ಜೋರು ಮಳೆಗೆ ಸರ್ವಿಸ್ ರೋಡಿನ ಎಡಬದಿ ಕೆರೆಯಾಗುತ್ತದೆ. ಎಡ ಅಂಚು ಹಿಡಿಯಬೇಡಿ, ಚರಂಡಿಯ ಕಲ್ಲು ಅಲ್ಲೇ ಬಾಯಿ ತೆರೆದಿರುತ್ತದೆ. ಮುಂದೆ ಬಸ್ಸಿದ್ದರೆ ಅದರ ಚಕ್ರ ಹೋದ ಜಾಡು ನಂಬಬಹುದು. ನೀರು ಸೈಲೆನ್ಸರ್ ಬಾಯಿ ಮುಟ್ಟುವಷ್ಟಿದ್ದರೆ ಮೊದಲನೇ ಗೇರು, ಆಕ್ಸಿಲರೇಟರ್ ಒಂದೇ ಹದ, ವೇಗ ತಗ್ಗಿಸಲು ಕ್ಲಚ್ ಮಾತ್ರ. ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಆಫ್ ಆಗಿ ಸೈಲೆನ್ಸರಿಗೆ ನೀರು ನುಗ್ಗುತ್ತದೆ. ನೀರಿನ ನಡುವೆ ಆಫ್ ಆದರೆ ಮತ್ತೆ ಸ್ಟಾರ್ಟ್ ಬಟನ್ ಒತ್ತಬೇಡಿ, ತಳ್ಳಿಕೊಂಡೇ ಆಚೆ ಬನ್ನಿ. ದಾಟಿದ ಮೇಲೆ ನೂರು ಮೀಟರ್ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ. ಮೆಟ್ರೋದವರು ರಸ್ತೆಗೆ ಹಾಸಿದ ಕಬ್ಬಿಣದ ತಗಡಿನ ಮೇಲೆ ಬ್ರೇಕೂ ಬೇಡ, ಗೇರು ಬದಲಿಸುವುದೂ ಬೇಡ.

ಮೊದಲ ಹನಿಗೇ ರೇನ್‌ಕೋಟ್ ಹಾಕಿಕೊಳ್ಳಿ. ಇಲ್ಲದಿದ್ದರೆ ಫ್ಲೈಓವರ್ ಕೆಳಗೆ ನಿಲ್ಲುವ ನೂರು ಬೈಕುಗಳಲ್ಲಿ ನಿಮ್ಮದೂ ಒಂದಾಗಿ, ಮೂರು ಲೇನಿನ ರಸ್ತೆ ಒಂದೇ ಲೇನ್ ಆಗುತ್ತದೆ. ಅಗರದವರೆಗೆ ಸಾಲು ನಿಂತಿರುತ್ತದೆ, ಹೆಲ್ಮೆಟ್ ಗಾಜಿನ ಮೇಲೆ ಮುಂದಿನ ಗಾಡಿಗಳ ಕೆಂಪು ದೀಪ ಕದಡಿರುತ್ತದೆ, ಒದ್ದೆ ಗ್ಲೌಸಿನೊಳಗೆ ಎಡಗೈಯ ಎರಡು ಬೆರಳು ಲಿವರಿನ ಮೇಲೆ. ಮುಂದಿನ ಕಾರು ಎರಡು ಮೀಟರ್ ಸರಿಯುತ್ತದೆ. ತಡೆಯಿರಿ. ಇನ್ನೂ ಐದಾರು ಮೀಟರ್ ಸರಿಯಲಿ.