ಆರ್ನಲ್ಲಿನ ಹೊಗೆಮನೆ

ಸ್ಕಾಟ್ಲೆಂಡಿನ ವಾಯುವ್ಯ ಕಡಲಿನಲ್ಲಿರುವ ಲೂಯಿಸ್ ದ್ವೀಪಕ್ಕೆ ಹೋದಾಗ ಆರ್ನಲ್ ಎಂಬ ಹಳ್ಳಿಯಲ್ಲಿ ಒಂದು ಮಧ್ಯಾಹ್ನ ಕಳೆದೆ. 1880ರ ದಶಕದಲ್ಲಿ ಕಟ್ಟಿದ ರೈತರ ಮನೆಯೊಂದನ್ನು ಅಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ. 1966ರವರೆಗೂ ಅದರಲ್ಲಿ ಜನ ಬಾಳಿದ್ದರು. ಇಂಥ ಮನೆಗಳಿಗೆ ಬ್ಲ್ಯಾಕ್‌ಹೌಸ್ ಎನ್ನುತ್ತಾರೆ.

ಒಳಹೊಕ್ಕ ಕೂಡಲೇ ಕಣ್ಣು ಉರಿಯಿತು. ನೆಲದ ನಡುವೆ ಬೆಂಕಿ, ಚಿಮಣಿ ಇಲ್ಲ. ಹೊಗೆ ಒಳಗೆಲ್ಲ ತಿರುಗಿ ಹುಲ್ಲಿನ ಮಾಡಿನ ಸಂದುಗಳಿಂದ ಮೆಲ್ಲಗೆ ಹೊರಬೀಳುತ್ತದೆ. ಉರಿಯುತ್ತಿದ್ದುದು ಕಟ್ಟಿಗೆಯಲ್ಲ, ಪೀಟ್. ಮರವೇ ಅಪರೂಪವಾದ ಆ ದ್ವೀಪದಲ್ಲಿ ಜೌಗುನೆಲದ ಕಪ್ಪು ಮಣ್ಣನ್ನು ವಸಂತದಲ್ಲಿ ಹೆಂಟೆಗಳಾಗಿ ಕತ್ತರಿಸಿ, ಒಣಗಿಸಿ, ವರ್ಷವಿಡೀ ಉರಿಸುತ್ತಿದ್ದರು. ಆ ಭಾರವನ್ನು ಬುಟ್ಟಿಯಲ್ಲಿ ಬೆನ್ನಿಗೇರಿಸಿ ತರುತ್ತಿದ್ದವರು ಹೆಂಗಸರು. ಹೊತ್ತು ನಡೆಯುವಾಗಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ, ಉಣ್ಣೆ ಹೆಣೆಯುತ್ತಿತ್ತು. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ, ಪ್ರಾರ್ಥನೆ ಹೇಳಿ ಮಲಗುವುದು ಮನೆಯೊಡತಿಯ ಕೆಲಸ. ಬೆಂಕಿ ಆರಲು ಬಿಡುತ್ತಿರಲಿಲ್ಲ.

ಅದೇ ಮಾಡಿನಡಿಯಲ್ಲಿ ದನದ ಕೊಟ್ಟಿಗೆ. ಚಳಿಗಾಲವಿಡೀ ಹಸುಗಳು ಒಳಗೇ ಇದ್ದು, ಅವುಗಳ ಮೈಶಾಖ ಮನೆಯನ್ನು ಬೆಚ್ಚಗಿಡುತ್ತಿತ್ತು. ವಸಂತದಲ್ಲಿ ಸೆಗಣಿಗೊಬ್ಬರ ಹೊಲಕ್ಕೆ ಹೋಗುತ್ತಿತ್ತು. ಅದರ ಜೊತೆಗೆ, ಮಸಿ ಹಿಡಿದ ಮಾಡಿನ ಹುಲ್ಲನ್ನೂ ಕಿತ್ತು ಗದ್ದೆಗೆ ಹಾಕುತ್ತಿದ್ದರು! ಹೊಗೆಯನ್ನೂ ವ್ಯರ್ಥ ಮಾಡದ ಆ ಬುದ್ಧಿಗೆ ನಾನು ಮಾರುಹೋದೆ. ಗೋಡೆಯೂ ಹಾಗೆಯೇ: ಗಾರೆಯಿಲ್ಲದ ಎರಡು ಕಲ್ಲಿನ ಸಾಲು, ನಡುವೆ ಮಣ್ಣು. ಅಟ್ಲಾಂಟಿಕ್ ಗಾಳಿ ಅದನ್ನು ದಾಟಲಾರದು.

ಪಕ್ಕದಲ್ಲಿದ್ದ ಪ್ರವಾಸಿಯೊಬ್ಬರು "ಇಂಥ ಕೊಳಕಿನಲ್ಲಿ ಹೇಗೆ ಬದುಕಿದರೋ" ಎಂದರು. ನನಗೆ ನೋವಾಯಿತು. ವಿಕ್ಟೋರಿಯಾ ರಾಣಿಯ ಕಾಲದ ಪಟ್ಟಣಿಗರೂ ಇದನ್ನೇ ಹೇಳುತ್ತಿದ್ದರು. ಮನೆ ಹೀಗೇಕೆ ಉಳಿಯಿತೆಂದು ಕೇಳಿದವರು ಕಡಿಮೆ.

ಕಾರಣ ನೆಲದ ಒಡೆತನದಲ್ಲಿದೆ. 1844ರಲ್ಲಿ ಇಡೀ ದ್ವೀಪವನ್ನು ಜೇಮ್ಸ್ ಮ್ಯಾಥೆಸನ್ ಕೊಂಡುಕೊಂಡ. ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಸಾಗಿಸಿ ಗಳಿಸಿದ ಹಣವದು. ಅವನ ಅರಮನೆ ಸ್ಟಾರ್ನೊವೇ ಬಂದರಿನೆದುರು ಇಂದಿಗೂ ನಿಂತಿದೆ. ಮಾಳವ, ಬಿಹಾರದ ಗಸಗಸೆ ಹೊಲಗಳಿಗೂ ಈ ಹಳ್ಳಿಗೂ ಇರುವ ನಂಟು ತಿಳಿದ ಮೇಲೆ ಆ ಕಟ್ಟಡದ ಚೆಂದ ನನಗೆ ಕಾಣಲಿಲ್ಲ. 1846ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬರ ಬಂತು. ಮ್ಯಾಥೆಸನ್ ಧಾನ್ಯ ಹಂಚಿದ, ನಿಜ. ಆದರೆ 1851ರ ನಂತರ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೆನಡಾಕ್ಕೆ ಹಡಗು ಹತ್ತಿಸಲಾಯಿತು.

ಉಳಿದವರದು ನಮ್ಮ ಕರಾವಳಿಯ ಚಾಲಗೇಣಿ ಒಕ್ಕಲುಗಳದೇ ಸ್ಥಿತಿ. ಒಡೆಯ ಬಿಡು ಎಂದರೆ ಬಿಡಬೇಕು. ಮನೆಗೆ ಕಿಟಕಿ ಇಟ್ಟರೂ ಗೋಡೆ ಎತ್ತರಿಸಿದರೂ ಪರಿಹಾರವಿಲ್ಲ. ಗೇಣಿ ಏರುವ ಭಯ ಬೇರೆ. ನನ್ನ ಅಜ್ಜನೂ ಚಾಲಗೇಣಿಗೆ ಉಳುತ್ತಿದ್ದವರು. ಉಳುವವನಿಗೇ ನೆಲ ಎಂದ 1974ರ ಭೂಸುಧಾರಣೆ ಕಾಯಿದೆ ಬಂದು, ನೆಲದ ಹಕ್ಕು ಕೋರಿ ಡಿಕ್ಲರೇಷನ್ ಕೊಡುವವರೆಗೆ ನಮ್ಮ ಮನೆಗೂ ಹಂಚು ಹೊದೆಸಿರಲಿಲ್ಲ. ನಾಳೆ ಯಾರದೋ ಆಗುವ ಗೋಡೆಗೆ ಹಣ ಸುರಿಯುವವರು ಯಾರು?

ಲೂಯಿಸ್‌ನವರು ಸುಮ್ಮನೆ ಕುಳಿತಿರಲಿಲ್ಲ. 1874ರಲ್ಲಿ ಲೂಯಿಸ್ ಪಕ್ಕದ ಪುಟ್ಟ ದ್ವೀಪ ಬರ್ನೆರಾದ ಒಕ್ಕಲುಗಳು ಹೊರಹಾಕುವ ನೋಟಿಸಿಗೆ ತಿರುಗಿಬಿದ್ದರು. ವಿಚಾರಣೆಗೆ ಒಳಗಾದ ಮೂವರೂ ಖುಲಾಸೆಯಾದರು. 1882ರಲ್ಲಿ ಸ್ಕೈ ದ್ವೀಪದಲ್ಲೂ ಇಂಥದೇ ನೆಲದ ಜಗಳದಲ್ಲಿ ಹೆಂಗಸರು ಪೊಲೀಸರ ಮೇಲೆ ಕಲ್ಲೆಸೆದರು. ಮರುವರ್ಷ ಒಕ್ಕಲುಗಳ ಸ್ಥಿತಿ ವಿಚಾರಿಸಲು ಸರ್ಕಾರ ನೇಪಿಯರ್ ಆಯೋಗವನ್ನು ನೇಮಿಸಿತು. 1886ರಲ್ಲಿ ಕಾಯಿದೆ ಬಂತು. ಗೇಣಿ ಕಟ್ಟುತ್ತಿರುವ ಒಕ್ಕಲನ್ನು ಮನಬಂದಂತೆ ಎಬ್ಬಿಸುವಂತಿಲ್ಲ, ಹಿಡುವಳಿ ಮಕ್ಕಳಿಗೆ ಇಳಿಯುತ್ತದೆ, ಮನೆ ಸುಧಾರಿಸಿದ್ದಕ್ಕೆ ಪರಿಹಾರ ಸಿಗುತ್ತದೆ.

ರಸ್ತೆಯ ಆಚೆ 1920ರ ದಶಕದ ಇನ್ನೊಂದು ಮನೆಯಿದೆ. ಆ ಪ್ರವಾಸಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಅದರ ಚಿಮಣಿ, ಗೋಡೆಯ ಕಿಟಕಿಗಳು, ಬೇರೆಯಾದ ಕೊಟ್ಟಿಗೆ ಎಲ್ಲವನ್ನೂ ತೋರಿಸಿದೆ. "ಇದೂ ಅದೇ ಊರಿನ ಅದೇ ಜನ ಕಟ್ಟಿದ್ದು. ಮಧ್ಯೆ ಬಂದದ್ದು ಆ ಕಾಯಿದೆ" ಎಂದೆ.